ಸೆಕೆಂಡ್ ಸೆಮ್ ಜನರಲ್ ಕೆಮಿಸ್ಟ್ರಿ: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು, ಕ್ಲಾಸಿಂದೂ ಲ್ಯಾಬಿಂದೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ಈ ಪೇಪರ್‌ನ ಎರಡು ಸಲ ತಗೊಂಡವನು. ಮೊದಲ ಸಲ ಡುಮ್ಕಿ. ಆಮೇಲೆ ಅದೇ ಪೇಪರ್ ಲ್ಯಾಬಲ್ಲಿ ಮೂರು ವರ್ಷ ಅಸಿಸ್ಟೆಂಟ್ ಆಗಿ ನಿಂತು ರಿಪೋರ್ಟ್ ತಿದ್ದಿದೀನಿ. ಪ್ರತಿ ಬ್ಯಾಚೂ ಅದದೇ ಪ್ರಶ್ನೆ ಕೇಳತ್ತೆ, ಉತ್ತರ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಒಂದೇ ಕಡೆ ಬರೆದು ಹಾಕ್ತಿದೀನಿ. ನಿಮ್ಮ ಯೂನಿವರ್ಸಿಟೀಲಿ ಚಾಪ್ಟರ್ ಹಿಂದೆ ಮುಂದೆ ಇರ್ಬೋದು, ವಿಷಯ ಇದೇ.

ಪ್ರ: ಫಸ್ಟ್ ಸೆಮ್‌ನಲ್ಲಿ ಆರಾಮಾಗಿ ಪಾಸಾದೆ, ಇದು ಯಾಕೆ ಇಷ್ಟು ತಲೆ ತಿನ್ನತ್ತೆ?

ಫಸ್ಟ್ ಸೆಮ್‌ನಲ್ಲಿ ಬಾಣದ ಗುರುತು ಒಂದೇ ಕಡೆಗೆ ಇತ್ತು. ಎಡಗಡೆ ಇರೋದು ಪೂರ್ತಿ ಖರ್ಚಾಗಿ ಬಲಗಡೆ ಇರೋದು ಆಗತ್ತೆ ಅಂದ್ಕೊಂಡು ಲೆಕ್ಕ ಮಾಡ್ತಿದ್ರಿ. ಇಲ್ಲಿ ಬಾಣ ಎರಡೂ ಕಡೆಗೆ. ರಿಯಾಕ್ಷನ್ ಎಷ್ಟು ಬೇಗ ಆಗತ್ತೆ, ಎಷ್ಟು ದೂರ ಹೋಗಿ ನಿಲ್ಲತ್ತೆ, ಅಲ್ಲೇ ಯಾಕೆ ನಿಲ್ಲತ್ತೆ, ಇಡೀ ಸೆಮಿಸ್ಟರ್ ಈ ಮೂರು ಪ್ರಶ್ನೆ ಸುತ್ತಾನೇ ತಿರುಗತ್ತೆ. ಆಸಿಡ್ ಬೇಸ್, ಬಫರ್, ಕರಗುವಿಕೆ, ಗಿಬ್ಸ್ ಎನರ್ಜಿ, ಬ್ಯಾಟರಿ ವೋಲ್ಟೇಜು, ಎಲ್ಲಾ ಬೇರೆ ಬೇರೆ ಚಾಪ್ಟರ್ ಥರ ಕಾಣ್ಸತ್ತೆ ಆದ್ರೆ ಒಳಗೆ ಕೂತಿರೋದು ಒಂದೇ ಕೆ (ರಿಯಾಕ್ಷನ್ ಎಲ್ಲಿ ಹೋಗಿ ನಿಲ್ಲತ್ತೆ ಅಂತ ಹೇಳೋ ಈಕ್ವಿಲಿಬ್ರಿಯಂ ಕಾನ್ಸ್ಟಂಟ್), ವೇಷ ಮಾತ್ರ ಬೇರೆ. ನಂಗೆ ಇದು ಹೊಳೆದಿದ್ದು ಎರಡನೇ ಸಲ ಓದುವಾಗ. ಮೊದಲ ಸಲ ಒಂದೊಂದು ಚಾಪ್ಟರಿಗೂ ಬೇರೆ ಫಾರ್ಮುಲಾ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ, ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು.

ಪ್ರ: ಹಿಂದಿನ ಸೆಮ್‌ದು ಎಲ್ಲಾ ಮರ್ತೋಗಿದೆ, ಏನೇನು ರಿವೈಸ್ ಮಾಡ್ಲಿ?

ಎಲ್ಲಾ ಬೇಡ. ಮೋಲ್ ಲೆಕ್ಕ, ಮೊಲಾರಿಟಿ, ಈಕ್ವೇಶನ್ ಬ್ಯಾಲೆನ್ಸ್ ಮಾಡೋದು, ನೆಟ್ ಅಯಾನಿಕ್ ಈಕ್ವೇಶನ್, ಆಕ್ಸಿಡೇಶನ್ ನಂಬರ್, ಮತ್ತೆ ಯಾವುದು ಸ್ಟ್ರಾಂಗ್ ಆಸಿಡ್ ಯಾವುದು ವೀಕ್ ಅನ್ನೋದು. ಕ್ವಾಂಟಮ್ ನಂಬರ್, ಆರ್ಬಿಟಲ್ ಆಕಾರ ಎಲ್ಲ ಸದ್ಯಕ್ಕೆ ಮಲ್ಕೊಂಡಿರ್ಲಿ.

ಪ್ರ: ನನ್ನ ಮ್ಯಾಥ್ಸ್ ವೀಕು. ಆಗತ್ತಾ?

ಆಗತ್ತೆ. ಕ್ಯಾಲ್ಕುಲಸ್ ಬಹುತೇಕ ಬರಲ್ಲ, ಬಂದ್ರೂ ಮೇಷ್ಟ್ರು ಬೋರ್ಡ್ ಮೇಲೆ ಮಾಡಿ ತೋರಿಸಿ ರಿಸಲ್ಟ್ ಕೊಡ್ತಾರೆ. ಬೇಕಾಗೋದು ಲಾಗ್, ಹತ್ತರ ಘಾತ, ಒಂದು ಕ್ವಾಡ್ರಾಟಿಕ್, ಮತ್ತೆ ಸರಳರೇಖೆಯ ಸ್ಲೋಪ್. ಅದ್ರಲ್ಲೂ ಲಾಗ್ ಅಂದ್ರೆ ಭಯ ಬಿಟ್ಬಿಡಿ, ಪಿಎಚ್ 3 ಇರೋದು ಪಿಎಚ್ 5 ಇರೋದಕ್ಕಿಂತ ನೂರು ಪಟ್ಟು ಆಸಿಡಿಕ್, ಎರಡು ಪಟ್ಟಲ್ಲ, ಇಷ್ಟು ಮನಸ್ಸಿಗೆ ಇಳಿದ್ರೆ ಅರ್ಧ ಮುಗೀತು. ಇನ್ನೊಂದು, ಪಿಎಚ್ 4.74 ಅಂದ್ರೆ ಅದ್ರಲ್ಲಿ ಸಿಗ್ನಿಫಿಕೆಂಟ್ ಫಿಗರ್ ಎರಡೇ, ಪಾಯಿಂಟ್ ಆದ್ಮೇಲೆ ಇರೋದಷ್ಟೇ ಲೆಕ್ಕಕ್ಕೆ, 4 ಅನ್ನೋದು ಬರೀ ಹತ್ತರ ಘಾತ ಎಲ್ಲಿದೆ ಅಂತ ಹೇಳತ್ತೆ. ಇದಕ್ಕೆ ನಾನು ಕಟ್ ಮಾಡಿರೋ ಅರ್ಧ ಅರ್ಧ ಮಾರ್ಕ್ಸ್ ಒಟ್ಟು ಹಾಕಿದ್ರೆ ಒಂದು ಕ್ಲಾಸನ್ನೇ ಪಾಸ್ ಮಾಡಿಸ್ಬೋದಿತ್ತೇನೋ.

ಪ್ರ: ಕೈನೆಟಿಕ್ಸ್‌ನಲ್ಲಿ ಆರ್ಡರ್‌ನ ಬ್ಯಾಲೆನ್ಸ್ಡ್ ಈಕ್ವೇಶನ್ ನೋಡಿ ಹೇಳ್ಬೋದಲ್ವಾ?

ಇಲ್ಲ. ದಯವಿಟ್ಟು ಇಲ್ಲ. ಆರ್ಡರ್ ಅಂದ್ರೆ ರೇಟ್ ಲೆಕ್ಕದಲ್ಲಿ ಕಾನ್ಸಂಟ್ರೇಶನ್ ಮೇಲೆ ಕೂರೋ ಘಾತ. ಈಕ್ವೇಶನಲ್ಲಿ ಪದಾರ್ಥದ ಮುಂದೆ 2 ಇದೆ ಅಂತ ಆರ್ಡರ್ 2 ಆಗಲ್ಲ, ಅದನ್ನ ಪ್ರಯೋಗ ಮಾಡಿನೇ ಕಂಡುಹಿಡೀಬೇಕು. ಬ್ಯಾಲೆನ್ಸ್ಡ್ ಈಕ್ವೇಶನ್ ಅನ್ನೋದು ಜಮಾಖರ್ಚಿನ ಲೆಕ್ಕ, ಮಾಲಿಕ್ಯೂಲ್‌ಗಳು ನಿಜವಾಗ್ಲೂ ಯಾವ ದಾರೀಲಿ ಹೋದ್ವು ಅಂತ ಅದು ಹೇಳಲ್ಲ. ಒಂದೇ ಹೆಜ್ಜೇಲಿ ಮುಗಿಯೋ ಎಲಿಮೆಂಟರಿ ಸ್ಟೆಪ್ ಆದ್ರೆ ಮಾತ್ರ ಹಂಗೆ ಬರೀಬೋದು. ಕಾನ್ಸಂಟ್ರೇಶನ್ ಡಬಲ್ ಮಾಡಿದಾಗ ರೇಟ್ ಡಬಲ್ ಆದ್ರೆ ಫಸ್ಟ್ ಆರ್ಡರ್, ನಾಲ್ಕು ಪಟ್ಟಾದ್ರೆ ಸೆಕೆಂಡ್, ಅಲ್ಲಾಡ್ದೇ ಇದ್ರೆ ಝೀರೋ.

ಲ್ಯಾಬಲ್ಲಿ ಗ್ರಾಫ್ ಹಾಕಿ ನೋಡ್ತೀರ: ಕಾನ್ಸಂಟ್ರೇಶನ್ನು, ಅದರ ನ್ಯಾಚುರಲ್ ಲಾಗು, ಒಂದನ್ನ ಅದರಿಂದ ಭಾಗಿಸಿದ್ದು, ಈ ಮೂರನ್ನೂ ಟೈಮ್ ವಿರುದ್ಧ ಹಾಕಿ, ಯಾವುದು ನೆಟ್ಟಗೆ ಗೆರೆ ಬರತ್ತೋ ಅದರ ಪ್ರಕಾರ ಕ್ರಮವಾಗಿ ಝೀರೋ, ಫಸ್ಟ್ ಅಥವಾ ಸೆಕೆಂಡ್ ಆರ್ಡರ್. ಮೊದಲ ನಾಲ್ಕೈದು ಪಾಯಿಂಟ್ ಮಾತ್ರ ಹಾಕಿದ್ರೆ ಮೂರೂ ನೆಟ್ಟಗೇ ಕಾಣ್ಸತ್ತೆ, ಅದಕ್ಕೇ ರಿಯಾಕ್ಷನ್ ಬೇಜಾರಾಗೋವಷ್ಟು ಹೊತ್ತು ಓಡ್ಲಿ ಬಿಡಿ. ಫಸ್ಟ್ ಆರ್ಡರ್ ಹಾಫ್ ಲೈಫ್ (ಅರ್ಧ ಖರ್ಚಾಗೋಕೆ ಹಿಡಿಯೋ ಹೊತ್ತು) 0.693 ಭಾಗಿಸು ಕೆ (ಇಲ್ಲಿ ಕೆ ಅಂದ್ರೆ ರೇಟ್ ಕಾನ್ಸ್ಟಂಟ್, ಈಕ್ವಿಲಿಬ್ರಿಯಂದಲ್ಲ), ಶುರುವಿನ ಕಾನ್ಸಂಟ್ರೇಶನ್ ಎಷ್ಟಿದ್ರೂ ಅಷ್ಟೇ.

ಹತ್ತು ಡಿಗ್ರಿ ಏರಿದ್ರೆ ರೇಟ್ ಡಬಲ್ ಆಗತ್ತೆ ಅಂತಾರಲ್ಲ, ಅದು ನಿಯಮ ಅಲ್ಲ. ಆಕ್ಟಿವೇಶನ್ ಎನರ್ಜಿ ಮೋಲಿಗೆ 50 ಕಿಲೋಜೂಲ್ ಆಸುಪಾಸಲ್ಲಿದ್ದು ರೂಮ್ ಟೆಂಪರೇಚರ್ ಹತ್ರ ಇದ್ರೆ ಅರೇನಿಯಸ್ ಈಕ್ವೇಶನ್ ಪ್ರಕಾರ ಲೆಕ್ಕ ಹಂಗೆ ಬರತ್ತೆ, ಅಷ್ಟೇ. 25 ಡಿಗ್ರಿಯಿಂದ 35ಕ್ಕೆ ಹಾಕಿ ನೋಡಿ, 1.9 ಪಟ್ಟು ಬರತ್ತೆ. ಹಾಕುವಾಗ ಕೆಲ್ವಿನ್‌ಗೆ ಬದಲಾಯಿಸಿ ಮಾರಾಯ್ರೆ.

ಪ್ರ: ಈಕ್ವಿಲಿಬ್ರಿಯಂ ಅಂದ್ರೆ ರಿಯಾಕ್ಷನ್ ನಿಂತೋಯ್ತು ಅಂತ ತಾನೇ?

ಹೊರಗಡೆಯಿಂದ ನೋಡೋರಿಗೆ ಹಂಗೆ ಕಾಣತ್ತೆ. ಒಳಗೆ ಎರಡೂ ಕಡೆ ಓಡಾಟ ಜೋರಾಗೇ ಇದೆ, ಹೋಗೋರೆಷ್ಟೋ ಬರೋರೂ ಅಷ್ಟೇ, ಅದಕ್ಕೆ ಲೆಕ್ಕ ಬದಲಾಗಲ್ಲ. ಇನ್ನೊಂದು ತಪ್ಪು ಕಲ್ಪನೆ, ಈಕ್ವಿಲಿಬ್ರಿಯಂನಲ್ಲಿ ಎರಡೂ ಕಡೆ ಕಾನ್ಸಂಟ್ರೇಶನ್ ಸಮ ಇರತ್ತೆ ಅನ್ನೋದು. ಸಮ ಇರೋದು ರೇಟು.

ಇಡೀ ಸೆಮ್‌ಗೆ ಒಂದೇ ಒಂದು ಅಭ್ಯಾಸ ಮಾಡ್ಕೊಳ್ತೀರ ಅಂದ್ರೆ ಕ್ಯೂ ಮತ್ತೆ ಕೆ ಹೋಲಿಸೋ ಅಭ್ಯಾಸ ಮಾಡ್ಕೊಳ್ಳಿ. ಕೆ ಅಂದ್ರೆ ಆ ಟೆಂಪರೇಚರಿಗೆ ರಿಯಾಕ್ಷನ್ ತಲುಪ್ಬೇಕಾದ ಜಾಗ, ಕ್ಯೂ ಅಂದ್ರೆ ಈಗ ನಿಂತಿರೋ ಜಾಗ. ಕ್ಯೂ ಕಮ್ಮಿ ಇದ್ರೆ ಬಲಕ್ಕೆ ಹೋಗತ್ತೆ, ಜಾಸ್ತಿ ಇದ್ರೆ ಎಡಕ್ಕೆ. ಲೆ ಶಾಟೆಲಿಯೆ ಅವರ ತತ್ವವನ್ನ ಜನ ಏನೋ ಮಂತ್ರದ ಥರ ಹೇಳ್ತಾರೆ, "ಒತ್ತಡ ಹಾಕಿದ್ರೆ ವಿರೋಧಿಸತ್ತೆ" ಅಂತ, ಎಕ್ಸಾಮಲ್ಲಿ ತಿರುಗಿಸಿ ಕೇಳಿದ್ರೆ ಸಿಕ್ಕಾಕೊಳ್ತಾರೆ. ಉದಾಹರಣೆಗೆ ಅಮೋನಿಯ ತಯಾರಾಗೋ ಪಾತ್ರೇಲಿ, ಪಾತ್ರೆ ಸೈಜ್ ಹಂಗೇ ಇಟ್ಟು ಆರ್ಗಾನ್ ತುಂಬಿಸಿದ್ರೆ ಏನಾಗತ್ತೆ? ಪ್ರೆಶರ್ ಜಾಸ್ತಿ ಆಯ್ತು, ಬಲಕ್ಕೆ ಹೋಗತ್ತೆ ಅಂತ ಬರೀತಾರೆ. ಏನೂ ಆಗಲ್ಲ. ನೈಟ್ರೋಜನ್, ಹೈಡ್ರೋಜನ್, ಅಮೋನಿಯ ಮೂರರ ಪಾರ್ಶಿಯಲ್ ಪ್ರೆಶರೂ ಅಷ್ಟೇ ಇದೆ, ಕ್ಯೂ ಬದಲಾಗ್ಲಿಲ್ಲ, ಮುಗೀತು. ಕ್ಯಾಟಲಿಸ್ಟ್ ಹಾಕಿದ್ರೂ ಕೆ ಅಲ್ಲಾಡಲ್ಲ, ಬೇಗ ತಲುಪತ್ತೆ ಅಷ್ಟೇ. ಕೆ ಬದಲಾಗೋದು ಟೆಂಪರೇಚರ್ ಬದಲಾದ್ರೆ ಮಾತ್ರ.

ಲ್ಯಾಬಲ್ಲಿ ಕೋಬಾಲ್ಟ್ ಕ್ಲೋರೈಡ್ ಟೆಸ್ಟ್ ಟ್ಯೂಬ್‌ನ ಬಿಸಿನೀರಲ್ಲಿ ಇಟ್ರೆ ನೀಲಿ, ಐಸಲ್ಲಿ ಇಟ್ರೆ ಗುಲಾಬಿ ಆಗೋದು ಮಾಡಿಸ್ತಾರೆ, ಬಣ್ಣ ಚೆನ್ನಾಗಿದೆ ಅಂತ ಫೋಟೋ ತೆಗ್ದು ಸುಮ್ನಾಗ್ಬೇಡಿ. ಬಿಸಿ ಮಾಡಿದಾಗ ನೀಲಿ ಕಡೆ ಹೋಯ್ತು ಅಂದ್ರೆ ಆ ದಿಕ್ಕು ಎಂಡೋಥರ್ಮಿಕ್ ಅಂತ ಅರ್ಥ, ರಿಪೋರ್ಟಲ್ಲಿ ಕೇಳೋದು ಅದನ್ನ.

ಪ್ರ: ಐಸ್ ಟೇಬಲಲ್ಲಿ ಎಕ್ಸ್‌ನ ಯಾವಾಗ ಬಿಟ್ಬಿಡ್ಬೋದು?

ಐಸ್ ಟೇಬಲ್ ಅಂದ್ರೆ ಶುರುವಿನ ಕಾನ್ಸಂಟ್ರೇಶನ್ (I), ಬದಲಾವಣೆ (C), ಈಕ್ವಿಲಿಬ್ರಿಯಂ (E) ಬರೆಯೋ ಪಟ್ಟಿ, ಎಕ್ಸ್ ಅಂದ್ರೆ ಆ ಬದಲಾವಣೆ. ಶುರುವಿನದ್ರಿಂದ ಎಕ್ಸ್ ಕಳೆಯೋದನ್ನ ಬಿಟ್ಟು ನೋಡಿ, ಆಮೇಲೆ ಚೆಕ್ ಮಾಡಿ. ಅಸೆಟಿಕ್ ಆಸಿಡ್ ಕೆಎ (ಆಸಿಡ್ ಒಡೆಯೋ ರಿಯಾಕ್ಷನ್‌ದು ಕೆ) 1.8 × 10⁻⁵. 0.10 ಮೊಲಾರ್ ದ್ರಾವಣ ತಗೊಂಡ್ರೆ ಎಕ್ಸ್ 1.3 × 10⁻³ ಬರತ್ತೆ, ಅದು 0.10ರಲ್ಲಿ ಶೇಕಡ 1.3 ಅಷ್ಟೇ, ಐದಕ್ಕಿಂತ ಕಮ್ಮಿ, ಹಾಗಾಗಿ ಬಿಟ್ಟಿದ್ದು ಸರಿ, ಪಿಎಚ್ 2.87. ಅದೇ ಆಸಿಡ್‌ನ 0.0010 ಮೊಲಾರ್‌ಗೆ ತೆಳು ಮಾಡಿ ಅದೇ ಶಾರ್ಟ್‌ಕಟ್ ಹಾಕಿದ್ರೆ ಶೇಕಡ 13 ಬರತ್ತೆ, ಆಗ ಕ್ವಾಡ್ರಾಟಿಕ್ ಮಾಡ್ಲೇಬೇಕು, ಸರಿಯಾದ ಪಿಎಚ್ 3.90. ಚೆಕ್ ಮಾಡಿದ್ದನ್ನ ಪೇಪರ್ ಮೇಲೆ ಒಂದು ಸಾಲು ಬರೀರಿ, ತಿದ್ದೋರಿಗೆ ಖುಷಿಯಾಗತ್ತೆ, ನಿಜವಾಗ್ಲೂ.

ಪ್ರ: ಪಿಎಚ್ 7 ಅಂದ್ರೆ ಯಾವಾಗ್ಲೂ ನ್ಯೂಟ್ರಲ್ಲಾ?

25 ಡಿಗ್ರಿ ಸೆಲ್ಸಿಯಸಲ್ಲಿ ಹೌದು. 50 ಡಿಗ್ರೀಲಿ ಶುದ್ಧ ನೀರಿನ ಪಿಎಚ್ಚೇ 6.6 ಹತ್ರ ಇರತ್ತೆ, ಆದ್ರೂ ಅದು ನ್ಯೂಟ್ರಲ್ಲೇ, ಯಾಕಂದ್ರೆ ಹೈಡ್ರೋಜನ್ ಅಯಾನೂ ಹೈಡ್ರಾಕ್ಸೈಡ್ ಅಯಾನೂ ಸಮ ಇದಾವೆ. ಅಂದಹಾಗೆ ಈ ಪಿಎಚ್ ಅನ್ನೋ ಅಳತೆ ತಂದಿದ್ದು ಸೋರೆನ್ಸನ್, 1909ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಲ್ಯಾಬೊರೇಟರೀಲಿ. ಹೌದು, ಬಿಯರ್ ಕಂಪನೀದೇ ಲ್ಯಾಬು.

ಪ್ರ: ಟೈಟ್ರೇಶನ್ ಲೆಕ್ಕ ಎಲ್ಲಿಂದ ಶುರು ಮಾಡ್ಬೇಕೋ ಗೊತ್ತಾಗಲ್ಲ.

ಈ ಚಾಪ್ಟರ್ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರಿ, ಎಕ್ಸಾಮೂ ಇಲ್ಲೇ ಕೂರತ್ತೆ. ಕ್ರಮ ಒಂದೇ: ಮೊದಲು ಹೊಡೆದಾಟ, ಆಮೇಲೆ ಸಂಧಾನ. ಅಂದ್ರೆ ಸ್ಟ್ರಾಂಗ್ ಬೇಸು ವೀಕ್ ಆಸಿಡ್‌ನ ಪೂರ್ತಿ ತಿಂದು ಹಾಕತ್ತೆ ಅಂತ ಮೋಲಲ್ಲಿ ಲೆಕ್ಕ ಮಾಡಿ, ಉಳಿದಿರೋದು ಏನು ಅಂತ ನೋಡಿ, ಆಮೇಲೆ ಈಕ್ವಿಲಿಬ್ರಿಯಂ.

25.0 ಎಂಎಲ್ 0.10 ಮೊಲಾರ್ ಅಸೆಟಿಕ್ ಆಸಿಡ್ಡಿಗೆ 10.0 ಎಂಎಲ್ 0.10 ಮೊಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ರಿ. ಆಸಿಡ್ 2.5 ಮಿಲಿಮೋಲ್ ಇತ್ತು, ಬೇಸ್ 1.0. ಹೊಡೆದಾಟ ಮುಗಿದ್ಮೇಲೆ ಆಸಿಡ್ 1.5 ಉಳೀತು, ಅಸಿಟೇಟ್ 1.0 ಹುಟ್ತು. ಎರಡೂ ಒಟ್ಟಿಗೆ ಇದಾವೆ ಅಂದ್ರೆ ಬಫರ್ (ಪಿಎಚ್ ಸುಲಭಕ್ಕೆ ಅಲ್ಲಾಡದ ದ್ರಾವಣ), ಹೆಂಡರ್ಸನ್ ಹ್ಯಾಸೆಲ್‌ಬಾಲ್ಕ್ ಫಾರ್ಮುಲಾ ಹಾಕಿ: 4.74 (ಪಿಕೆಎ, ಅಂದ್ರೆ ಕೆಎಯ ಮೈನಸ್ ಲಾಗ್) ಕೂಡಿಸು ಲಾಗ್ 1.0/1.5, ಅಂದ್ರೆ 4.56. 12.5 ಎಂಎಲ್ ಹಾಕಿದಾಗ ಅರ್ಧ ದಾರಿ, ಎರಡೂ ಸಮ, ಲಾಗ್ ಸೊನ್ನೆ, ಪಿಎಚ್ ನೇರವಾಗಿ ಪಿಕೆಎ 4.74. ಲ್ಯಾಬಲ್ಲಿ ಕೊಟ್ಟ ಗುರುತಿಲ್ಲದ ಆಸಿಡ್ ಯಾವುದು ಅಂತ ಪತ್ತೆ ಮಾಡೋದು ಈ ಜಾಗದಿಂದಾನೇ. 25.0 ಎಂಎಲ್ ಆದಾಗ ಆಸಿಡ್ ಖಾಲಿ, ಬರೀ ಅಸಿಟೇಟ್ ಉಳೀತು, ಅದು ವೀಕ್ ಬೇಸ್, ವಾಲ್ಯೂಮ್ ಡಬಲ್ ಆಗಿದೆ ಅನ್ನೋದು ಮರೀಬೇಡಿ, ಪಿಎಚ್ 8.72. 7 ಅಲ್ಲ! ಅದಕ್ಕೇ ಬಣ್ಣ ಬದಲಾಯಿಸಿ ತೋರಿಸೋ ಇಂಡಿಕೇಟರ್ ಆಗಿ ಫಿನಾಲ್ಫ್ಥಲೀನ್ ಬಳಸೋದು, ಅದು 8.2ರಿಂದ ಮೇಲೆ ಬಣ್ಣ ತೋರಿಸತ್ತೆ. ಇನ್ನೊಂದು ಇಂಡಿಕೇಟರ್ ಮಿಥೈಲ್ ಆರೆಂಜ್ 3.1ರಿಂದ 4.4ರೊಳಗೆ ಬದಲಾಗಿ ಮುಗಿಯತ್ತೆ, ಅಂದ್ರೆ ಅರ್ಧ ದಾರಿ ಬರೋಕೆ ಮುಂಚೇನೇ ಮೋಸ ಮಾಡಿರತ್ತೆ.

ಪ್ರ: ಲ್ಯಾಬಲ್ಲಿ ನನ್ನ ಟೈಟರ್ ರೀಡಿಂಗ್ ಒಂದಕ್ಕೊಂದು ಹೊಂದಲ್ಲ, ಕೈ ಸರಿ ಇಲ್ವಾ?

ಕೈ ಸರಿ ಇದೆ, ಅವಸರ ಜಾಸ್ತಿ. ನಾನು ನೋಡಿರೋ ತಪ್ಪುಗಳು ಯಾವ್ಯಾವುದು ಅಂದ್ರೆ, ಬ್ಯೂರೆಟ್‌ನ ಬರೀ ನೀರಲ್ಲಿ ತೊಳೆದು ಹಂಗೇ ತುಂಬಿಸೋದು (ಒಳಗಿರೋ ನೀರು ನಿಮ್ಮ ದ್ರಾವಣನ ತೆಳು ಮಾಡತ್ತೆ, ತುಂಬಿಸೋ ದ್ರಾವಣದಲ್ಲೇ ಇನ್ನೆರಡು ಸಲ ತೊಳೀರಿ), ಫನಲ್‌ನ ಮೇಲೇ ಮರ್ತು ಬಿಡೋದು, ಅದರಿಂದ ಮಧ್ಯದಲ್ಲಿ ಒಂದು ಹನಿ ಬಿದ್ದು ಲೆಕ್ಕ ಕೆಡೋದು, ಕೆಳಗಿನ ತುದೀಲಿ ಗಾಳಿಗುಳ್ಳೆ ಇದ್ದಿದ್ದು ಟೈಟ್ರೇಶನ್ ಮಧ್ಯೆ ಹೊರಗೆ ಹೋಗೋದು. ಅದೇ ಕೋನಿಕಲ್ ಫ್ಲಾಸ್ಕ್ ಮಾತ್ರ ನೀರಲ್ಲಿ ಒದ್ದೆ ಇದ್ರೂ ಪರವಾಗಿಲ್ಲ, ಯಾಕಂದ್ರೆ ಒಳಗೆ ಹೋಗಿರೋ ಮೋಲ್ ಎಷ್ಟು ಅನ್ನೋದು ಪಿಪೆಟ್ ಹೇಳಿಯಾಗಿದೆ. ಇದು ಯಾಕೆ ಅಂತ ವೈವಾದಲ್ಲಿ ಕೇಳೇ ಕೇಳ್ತಾರೆ.

ರೀಡಿಂಗ್ ತಗೊಳ್ಳುವಾಗ ಕಣ್ಣು ದ್ರಾವಣದ ಮಟ್ಟಕ್ಕೇ ಬರ್ಲಿ, ಬಾಗಿರೋ ಮೇಲ್ಮೈಯ ತಳ ಓದಿ, 0.1 ಗೆರೆಗಳ ಮಧ್ಯೆ ಅಂದಾಜು ಮಾಡಿ ಎರಡು ದಶಮಾಂಶ ಬರೀರಿ. 23.4 ಅಲ್ಲ, 23.40. ಮೊದಲನೇ ಟೈಟ್ರೇಶನ್ ಬೇಗ ಮಾಡಿ ಎಂಡ್ ಪಾಯಿಂಟ್ ಎಲ್ಲಿದೆ ಅಂತ ತಿಳ್ಕೊಳ್ಳಿ, ಅದನ್ನ ಸರಾಸರೀಲಿ ಸೇರಿಸ್ಬೇಡಿ. ಆಮೇಲಿನದ್ರಲ್ಲಿ ಆ ಜಾಗಕ್ಕೆ ಒಂದು ಎಂಎಲ್ ಮುಂಚೆ ನಿಲ್ಲಿಸಿ ಹನಿ ಹನಿ ಬಿಡಿ, ಕೊನೇಲಿ ಅರ್ಧ ಹನಿ ತುದೀಲಿ ತೂಗಾಡ್ತಿರೋವಾಗ ವಾಷ್ ಬಾಟಲ್ ನೀರಲ್ಲಿ ಒಳಗೆ ಇಳಿಸಿ. ತೆಳು ಗುಲಾಬಿ ಅರ್ಧ ನಿಮಿಷ ನಿಂತ್ರೆ ಸಾಕು. ಆಮೇಲೆ ಬಣ್ಣ ಮಾಯ ಆಯ್ತು ಅಂತ ಗಾಬರಿಯಾಗಿ ಇನ್ನೊಂದು ಹನಿ ಹಾಕ್ಬೇಡಿ, ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಕರಗಿ ಹಂಗಾಗತ್ತೆ. ನನ್ನ ಮೊದಲನೇ ಟೈಟ್ರೇಶನ್ ರಾಣಿ ಬಣ್ಣಕ್ಕೆ ತಿರುಗಿತ್ತು, ಅದನ್ನ ಹೆಮ್ಮೆಯಿಂದ ಎತ್ತಿ ತೋರಿಸಿದ್ದೆ ಬೇರೆ.

ಪ್ರ: ಸೋಡಿಯಂ ಹೈಡ್ರಾಕ್ಸೈಡ್ ಬಾಟಲ್ ಮೇಲೆ 0.1 ಮೊಲಾರ್ ಅಂತ ಬರ್ದಿದೆ, ಮತ್ತೆ ಯಾಕೆ ಸ್ಟ್ಯಾಂಡರ್ಡೈಸ್ ಮಾಡಿಸ್ತಾರೆ?

ಆ ಲೇಬಲ್ ಬರೀ ಅಂದಾಜು. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯಿಂದ ತೇವಾನೂ ಹೀರ್ಕೊಳ್ಳತ್ತೆ, ಕಾರ್ಬನ್ ಡೈಆಕ್ಸೈಡೂ ಹೀರ್ಕೊಳ್ಳತ್ತೆ, ತೂಕ ಮಾಡ್ತಿರೋವಾಗ್ಲೇ ತೂಕ ಏರ್ತಿರತ್ತೆ, ಅದನ್ನ ನಂಬೋ ಹಾಗಿಲ್ಲ. ಅದಕ್ಕೆ ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್ ಅನ್ನೋ ಸಾಧು ಪ್ರಾಣಿ ಬಳಸ್ತೀವಿ, ಮೋಲಿಗೆ 204.22 ಗ್ರಾಂ, ಒಣಗಿಸಿ ತೂಗಿದ್ರೆ ಅಲ್ಲಾಡಲ್ಲ. 0.5106 ಗ್ರಾಂ ತಗೊಂಡ್ರೆ 2.500 ಮಿಲಿಮೋಲ್, ಅದಕ್ಕೆ 25.00 ಎಂಎಲ್ ಹಿಡಿದ್ರೆ ನಿಮ್ಮ ಬೇಸ್ 0.1000 ಮೊಲಾರ್.

ಪ್ರ: ಉತ್ತರ ತಪ್ಪು ಬಂದಿದೆ, ಪಕ್ಕದವನ ರೀಡಿಂಗ್ ಹಾಕ್ಲಾ?

ಬೇಡ. ನೀತಿ ಪಾಠ ಒಂದು ಕಡೆ ಇರ್ಲಿ, ಸಿಕ್ಕಾಕೊಳ್ತೀರ, ಎರಡು ಗ್ರೂಪಿಂದ ನಾಲ್ಕನೇ ದಶಮಾಂಶದ ತನಕ ಒಂದೇ ತೂಕ ಬಂದ್ರೆ ತಿದ್ದೋರಿಗೆ ಕಣ್ಣಿಲ್ವಾ? ಕೆಟ್ಟ ಡೇಟಾ ಇಟ್ಕೊಂಡು ಒಳ್ಳೆ ಮಾರ್ಕ್ಸ್ ತಗೋಬೋದು, ಎರರ್ ಭಾಗ ಸರಿಯಾಗಿ ಬರೆದ್ರೆ. "ಹ್ಯೂಮನ್ ಎರರ್" ಅಂತ ಬರೆದ್ರೆ ಅದು ಏನೂ ಬರೆಯದೇ ಇದ್ದಂಗೆ. ಯಾವ ತಪ್ಪು, ಅದು ಉತ್ತರನ ಯಾವ ದಿಕ್ಕಿಗೆ ತಳ್ಳತ್ತೆ, ನಿಮ್ಮ ಉತ್ತರ ಆ ದಿಕ್ಕಿಗೇ ಹೋಗಿದ್ಯಾ, ಇದನ್ನ ಬರೀರಿ. ಗಾಳಿಗುಳ್ಳೆ ಹೊರಗೆ ಹೋಗಿದ್ರೆ ಓದಿದ ವಾಲ್ಯೂಮ್ ನಿಜಕ್ಕಿಂತ ಜಾಸ್ತಿ, ಹಾಗಾಗಿ ಆಸಿಡ್ ಕಾನ್ಸಂಟ್ರೇಶನ್ ಜಾಸ್ತಿ ಬರ್ಬೇಕು. ನಿಮ್ಮದು ಕಮ್ಮಿ ಬಂದಿದ್ರೆ ಗುಳ್ಳೆ ಮೇಲೆ ಗೂಬೆ ಕೂರಿಸ್ಬೇಡಿ, ಬೇರೆ ಕಾರಣ ಹುಡುಕಿ.

ಪ್ರ: ಸ್ಪೆಕ್ಟ್ರೋಫೋಟೋಮೀಟರ್ ಲ್ಯಾಬಿಗೆ ಏನು ನೆನಪಿಟ್ಕೋಬೇಕು?

ದ್ರಾವಣ ಎಷ್ಟು ಬೆಳಕು ನುಂಗತ್ತೆ ಅಂತ ಅಳೆಯೋ ಯಂತ್ರ ಇದು. ದ್ರಾವಣ ತುಂಬೋ ಪುಟ್ಟ ಪಾತ್ರೆ, ಅಂದ್ರೆ ಕುವೆಟ್‌ನ ಮಸುಕಾಗಿರೋ ಬದಿಗಳಲ್ಲಿ ಹಿಡೀರಿ, ಬೆರಳಚ್ಚೂ ಬೆಳಕು ತಡೆಯತ್ತೆ. ಬ್ಲ್ಯಾಂಕ್ (ಅಳೆಯೋ ಪದಾರ್ಥ ಇಲ್ಲದ ದ್ರಾವಣ) ಹಾಕಿ ಸೊನ್ನೆ ಮಾಡೋದು ಮರೀಬೇಡಿ. ಐರನ್ ಥಯೋಸಯನೇಟ್ ಕೆಂಪಾಗಿ ಕಾಣತ್ತೆ, ಆದ್ರೆ ಅಳೆಯೋದು 447 ನ್ಯಾನೋಮೀಟರ್ ಹತ್ರ, ಅದು ನೀಲಿ, ಯಾಕಂದ್ರೆ ಅದು ನುಂಗೋದು ನೀಲಿನ, ನಮಗೆ ಕಾಣೋದು ಉಳಿದಿದ್ದು.

ಪ್ರ: ಡೆಲ್ಟಾ ಜಿ ಲೆಕ್ಕದಲ್ಲಿ ಯಾವಾಗ್ಲೂ ವಿಚಿತ್ರ ಉತ್ತರ ಬರತ್ತೆ, ಯಾಕೆ?

ಡೆಲ್ಟಾ ಜಿ (ಗಿಬ್ಸ್ ಎನರ್ಜಿ ಬದಲಾವಣೆ) ಅಂದ್ರೆ ಡೆಲ್ಟಾ ಎಚ್ (ಎಂಥಾಲ್ಪಿ) ಕಳೆ ಟೆಂಪರೇಚರ್ ಗುಣಿಸು ಡೆಲ್ಟಾ ಎಸ್ (ಎಂಟ್ರೋಪಿ). ಡೆಲ್ಟಾ ಎಚ್ ಕಿಲೋಜೂಲಲ್ಲಿ ಕೊಟ್ಟಿರ್ತಾರೆ, ಡೆಲ್ಟಾ ಎಸ್ ಜೂಲಲ್ಲಿ. ಹತ್ತರಲ್ಲಿ ಒಂಬತ್ತು ಸಲ ರೋಗ ಅದೇ. ಐಸ್ ಕರಗೋದು ತಗೊಳ್ಳಿ, ಡೆಲ್ಟಾ ಎಚ್ ಮೋಲಿಗೆ 6.01 ಕಿಲೋಜೂಲ್, ಡೆಲ್ಟಾ ಎಸ್ 22.0 ಜೂಲ್ ಪ್ರತಿ ಕೆಲ್ವಿನ್ನಿಗೆ. ಕರಗೋ ಜಾಗದಲ್ಲಿ ಡೆಲ್ಟಾ ಜಿ ಸೊನ್ನೆ, ಹಾಗಾಗಿ 6010ನ 22.0ರಿಂದ ಭಾಗಿಸಿ, 273 ಕೆಲ್ವಿನ್, ಐಸ್ ಕರಗೋ ಜಾಗಾನೇ ಬಂತು. ಯೂನಿಟ್ ಸರಿ ಇಲ್ದೇ ಮಾಡಿದ್ರೆ 0.273 ಕೆಲ್ವಿನ್‌ನಲ್ಲಿ ಕರಗೋ ಐಸ್ ಸಿಗತ್ತೆ. ಮತ್ತೆ ಸ್ಪಾಂಟೇನಿಯಸ್ ಅಂದ್ರೆ ತಕ್ಷಣ ಅಂತ ಅಲ್ಲ, ವಜ್ರ ಗ್ರಾಫೈಟ್ ಆಗೋದು ನಮ್ಮ ವಾತಾವರಣದಲ್ಲಿ ಸ್ಪಾಂಟೇನಿಯಸ್ಸೇ, ಆದ್ರೂ ಉಂಗುರದಲ್ಲಿರೋ ವಜ್ರ ಪೆನ್ಸಿಲ್ ಪುಡಿ ಆಗಿದ್ದು ಯಾರೂ ನೋಡಿಲ್ಲ. ವೇಗದ ಮಾತು ಕೈನೆಟಿಕ್ಸ್‌ದು.

ಪ್ರ: ಎಲೆಕ್ಟ್ರೋಕೆಮಿಸ್ಟ್ರಿ ಕೊನೇ ವಾರ ಓಡಿಸ್ಬಿಟ್ರು, ಅದ್ರಲ್ಲಿ ಮುಖ್ಯ ಏನು?

ಆಕ್ಸಿಡೇಶನ್ ಆಗೋದು ಆನೋಡಲ್ಲಿ, ಎರಡೂ ಸ್ವರಾಕ್ಷರದಿಂದ ಶುರು, ಹಂಗೆ ನೆನಪಿಟ್ಕೊಳ್ಳಿ. ಹಾಫ್ ರಿಯಾಕ್ಷನ್‌ನ ಎರಡರಿಂದ ಗುಣಿಸಿದ್ರೂ ಪೊಟೆನ್ಶಿಯಲ್‌ನ ಗುಣಿಸ್ಬೇಡಿ, ಅದು ಪ್ರತಿ ಚಾರ್ಜಿಗೆ ಇಷ್ಟು ಎನರ್ಜಿ ಅಂತ. ಜಿಂಕ್ −0.76, ತಾಮ್ರ +0.34, ಸೆಲ್ 1.10 ವೋಲ್ಟ್. ಲ್ಯಾಬಲ್ಲಿ ಮೈನಸ್ 1.1 ತೋರಿಸಿದ್ರೆ ನೀವು ಕೆಮಿಸ್ಟ್ರಿ ನಿಯಮ ಮುರಿದಿಲ್ಲ, ಮೀಟರ್ ವೈರ್ ಅದಲು ಬದಲಾಗಿದೆ. ಸೊನ್ನೆ ತೋರಿಸಿದ್ರೆ ಸಾಲ್ಟ್ ಬ್ರಿಡ್ಜ್ ಒಂದು ಕಡೆ ದ್ರಾವಣ ಮುಟ್ತಿಲ್ಲ, ಬಗ್ಗಿ ನೋಡಿ.

ಪ್ರ: ಸೇಫ್ಟಿ ಬಗ್ಗೆ ಅತಿ ಮಾಡ್ತಾರೆ ಅನ್ಸಲ್ವಾ?

ಇಲ್ಲ. ಕನ್ನಡಕ ಹಣೆ ಮೇಲಲ್ಲ, ಕಣ್ಣಿನ ಮೇಲೆ. ಆಸಿಡ್‌ನ ನೀರಿಗೆ ಹಾಕಿ, ನೀರನ್ನ ಆಸಿಡ್ಡಿಗಲ್ಲ. ಬಿಸಿ ಗಾಜು ತಣ್ಣನೆ ಗಾಜಿನ ಥರಾನೇ ಕಾಣತ್ತೆ, ನನ್ನ ಹೆಬ್ಬೆಟ್ಟಲ್ಲಿ ಅದರ ಗುರುತು ಇನ್ನೂ ಇದೆ. ತೆಗೆದ ಕೆಮಿಕಲ್ ಉಳಿದ್ರೆ ವಾಪಸ್ ಬಾಟಲಿಗೆ ಸುರೀಬೇಡಿ.

ಪ್ರ: ಲ್ಯಾಬ್ ಪಾರ್ಟ್ನರ್ ಏನೂ ಮಾಡಲ್ಲ.

ಹೇಳಿ ನೋಡಿ. ಮಾಡ್ಲಿಲ್ಲ ಅಂದ್ರೆ ಅಸಿಸ್ಟೆಂಟಿಗೆ ಮೊದಲ ಎರಡು ವಾರದಲ್ಲೇ ಹೇಳಿ, ಕೊನೇ ವಾರ ಬಂದು ಅಳ್ಬೇಡಿ, ಆಗ ನಮ್ಮ ಕೈಲೂ ಏನೂ ಇರಲ್ಲ.

ಪ್ರ: ಓದೋದು ಹೆಂಗೆ? ಕ್ಲಾಸಲ್ಲಿ ಅರ್ಥ ಆಗತ್ತೆ, ಎಕ್ಸಾಮಲ್ಲಿ ಬರಲ್ಲ.

ಬೇರೆಯವರು ಸೈಕಲ್ ಹೊಡೆಯೋದು ನೋಡಿದ್ರೆ ಎಲ್ರಿಗೂ ಅರ್ಥ ಆಗತ್ತೆ. ಸಾಲ್ವ್ ಮಾಡಿರೋ ಪ್ರಾಬ್ಲಂನ ಮುಚ್ಚಿಟ್ಟು ಖಾಲಿ ಹಾಳೇಲಿ ಮಾಡಿ, ಸಿಕ್ಕಾಕೊಂಡ ಜಾಗದಲ್ಲಿ ಕನಿಷ್ಠ ಹತ್ತು ನಿಮಿಷ ಒದ್ದಾಡಿ, ಆಮೇಲೆ ಒಂದೇ ಸಾಲು ನೋಡಿ ಮತ್ತೆ ಮುಚ್ಚಿ. ಆನ್ಸರ್ ಕೀ ಪಕ್ಕದಲ್ಲಿಟ್ಕೊಂಡು ಐವತ್ತು ಪ್ರಾಬ್ಲಂ ಮಾಡೋದಕ್ಕಿಂತ ಹಿಂಗೆ ಎಂಟು ಮಾಡೋದು ಮೇಲು. ಲ್ಯಾಬ್ ಮ್ಯಾನ್ಯುಯಲ್ಲನ್ನ ಹಿಂದಿನ ರಾತ್ರಿ ಓದಿ, ಯಾವ ಸಂಖ್ಯೆ ಅಳೀತೀನಿ, ಅದನ್ನ ಯಾವ ಫಾರ್ಮುಲಾಗೆ ಹಾಕ್ತೀನಿ ಅಂತ ನೋಟ್‌ಬುಕ್ಕಲ್ಲಿ ಖಾಲಿ ಟೇಬಲ್ ಹಾಕ್ಕೊಂಡು ಹೋಗಿ. ಪೆನ್ನಲ್ಲೇ ಬರೀರಿ, ತಪ್ಪಾದ್ರೆ ಒಂದೇ ಗೆರೆ ಎಳೀರಿ, ವೈಟ್ನರ್ ಹಚ್ಬೇಡಿ, ತಪ್ಪು ಅಂದ್ಕೊಂಡು ಹೊಡೆದು ಹಾಕಿದ ಸಂಖ್ಯೆನೇ ಸರಿ ಅಂತ ಆಮೇಲೆ ಗೊತ್ತಾಗಿದ್ದು ಎಷ್ಟೋ ಸಲ ಇದೆ. ಟೈಟ್ರೇಶನ್ ಲ್ಯಾಬ್ ಇರೋ ವಾರದಲ್ಲೇ ಟೈಟ್ರೇಶನ್ ಪ್ರಾಬ್ಲಂ ಮಾಡಿ, ಬ್ಯೂರೆಟ್ ಕೈಯಲ್ಲಿ ಹಿಡಿದ ನೆನಪು ಹಸಿಯಾಗಿರೋವಾಗ ಆ ಕರ್ವ್ ಯಾಕೆ ಮಧ್ಯದಲ್ಲಿ ಚಪ್ಪಟೆ, ಕೊನೇಲಿ ಯಾಕೆ ಥಟ್ಟನೆ ಏರತ್ತೆ ಅಂತ ತಾನಾಗೇ ಗೊತ್ತಾಗತ್ತೆ.

ಪ್ರ: ಕ್ಯಾಲ್ಕುಲೇಟರ್ ಯಾವುದು ತಗೊಳ್ಳಿ?

ಲಾಗು, ನ್ಯಾಚುರಲ್ ಲಾಗು, ಅವೆರಡರ ಉಲ್ಟಾ, ಘಾತ ಹಾಕೋ ಬಟನ್ನು, ಇಷ್ಟಿರೋ ಯಾವುದಾದ್ರೂ ಸಾಕು. ಎಕ್ಸಾಮ್ ಹಾಲಲ್ಲಿ ಯಾವ ಮಾಡೆಲ್ ಬಿಡ್ತಾರೆ ಅಂತ ಮೊದ್ಲೇ ಕೇಳ್ಕೊಳ್ಳಿ. ಫೋನಲ್ಲಿ ಅಭ್ಯಾಸ ಮಾಡ್ಕೋಬೇಡಿ, ಪರೀಕ್ಷೆ ದಿನ ಆ ಘಾತದ ಬಟನ್ ಎಲ್ಲಿದೆ ಅಂತ ಹುಡುಕ್ತಾ ಕೂತಿರೋ ಮುಖಗಳನ್ನ ನಾನು ಪ್ರತಿ ವರ್ಷ ನೋಡಿದೀನಿ.